ಬಲಗಡೆಯ ಬಲ, ಎಡಗಡೆಯ ಎಡರು

ಕಡಲ ದಡದ ಊರುಗಳಲ್ಲಿ ನೆಲೆ ಕಂಡುಕೊಂಡ ನಮ್ಮಂಥ ಹೊರನಾಡ ಕನ್ನಡಿಗರಿಗೆ ವರ್ಷದಲ್ಲಿ ಒಂದೆರಡು ಸಲವಾದರೂ ಊರಿನಿಂದ ಒಂದೇ ಬಗೆಯ ಫೋನು ಬರುತ್ತದೆ. ಧಾರವಾಡದಲ್ಲೋ ಗದಗಿನಲ್ಲೋ ಟಿವಿಯ ಮುಂದೆ ಕುಳಿತ ಚಿಗವ್ವ ಆತಂಕದಿಂದ ಕೇಳುತ್ತಾಳೆ: “ಬಿರುಗಾಳಿ ಬರಾಕತ್ತೈತಂತಲ್ಲ, ನಿಮ್ಮೂರಿಗೇ ಬರತೈತೇನು?” ನಾವು ಮೊಬೈಲಿನ ನಕ್ಷೆಯಲ್ಲಿ ಎಳೆದಿರುವ ಗೆರೆ ಎಲ್ಲಿ ದಡ ಮುಟ್ಟುತ್ತದೆಂದು ನೋಡಿ, “ಇಲ್ಲ ಚಿಗವ್ವ, ಅದು ಆಂಧ್ರದ ಕಡೆ ಹೊಂಟೈತಿ, ನಮಗೇನೂ ಆಗೂದಿಲ್ಲ” ಎಂದು ಸಮಾಧಾನ ಹೇಳುತ್ತೇವೆ. ಪ್ರಶ್ನೆ ಒಂದು ಊರಿನ ಹೆಸರು ಕೇಳುತ್ತದೆ, ಉತ್ತರವೂ ಒಂದು ಊರಿನ ಹೆಸರನ್ನೇ ಕೊಡುತ್ತದೆ.

2023ರ ಡಿಸೆಂಬರ್ ಮೊದಲ ವಾರದಲ್ಲಿ ಚೆನ್ನೈನಲ್ಲಿದ್ದ ನಮ್ಮಲ್ಲಿ ಹಲವರು ಕೊಟ್ಟ ಉತ್ತರ ಇದೇ. ಮಿಚಾಂಗ್ ಚಂಡಮಾರುತ ದಡ ಮುಟ್ಟಿದ್ದು ಡಿಸೆಂಬರ್ 5ರಂದು, ಆಂಧ್ರದ ಬಾಪಟ್ಲದ ಬಳಿ. ನಾವು ಹೇಳಿದ ಮಾತು ಸುಳ್ಳಾಗಲಿಲ್ಲ. ಆದರೆ ಅದಕ್ಕೂ ಮೊದಲೇ, 3 ಮತ್ತು 4ನೆಯ ತಾರೀಖಿನಂದು, ಸುಮಾರು ನೂರು ಕಿಲೋಮೀಟರ್ ದೂರದ ಕಡಲಿನಲ್ಲಿ ನಿಧಾನಿಸಿದ ಆ ಚಂಡಮಾರುತ ಚೆನ್ನೈ ಮೇಲೆ ಎರಡು ದಿನ ಮಳೆ ಸುರಿಯಿತು. ವೇಳಚ್ಚೇರಿ, ಪಳ್ಳಿಕರಣೆಯ ಬೀದಿಗಳಲ್ಲಿ ದೋಣಿ ಓಡಾಡಿದವು. ವಿಮಾನ ನಿಲ್ದಾಣ ಮುಚ್ಚಿತು. ದಿನಗಟ್ಟಲೆ ವಿದ್ಯುತ್ತಿಲ್ಲದೆ, ಕುಡಿಯುವ ನೀರಿಲ್ಲದೆ ಜನ ಮಹಡಿಗಳ ಮೇಲೆ ಕಾದರು. “ನಮಗೇನೂ ಆಗೂದಿಲ್ಲ” ಎಂದಿದ್ದ ನಾವು ಚಿಗವ್ವನಿಗೆ ಮತ್ತೆ ಫೋನು ಮಾಡೋಣವೆಂದರೆ ಫೋನಿನಲ್ಲಿ ಚಾರ್ಜು ಉಳಿದಿರಲಿಲ್ಲ.

ಚಂಡಮಾರುತವು ಎಲ್ಲಿ ದಡ ಮುಟ್ಟುತ್ತದೆ ಎಂಬ ಒಂದೇ ಪ್ರಶ್ನೆಗೆ ನಾವು ಒಗ್ಗಿಹೋಗಿದ್ದೇವೆ. ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಅದು ಸಾಗುವ ದಾರಿಯ ಯಾವ ಮಗ್ಗುಲಿಗೆ ನಾವಿದ್ದೇವೆ? ಈ ಪ್ರಶ್ನೆ ಹವಾಮಾನ ತಜ್ಞರಿಗೂ ನಾವಿಕರಿಗೂ ಬಿಟ್ಟ ವಿಷಯವಲ್ಲ, ದಡದ ಊರಿನ ಪ್ರತಿ ಮನೆಯಲ್ಲೂ ಗೊತ್ತಿರಬೇಕಾದ ವಿಷಯ ಎಂಬುದು ನಮ್ಮ ವಾದ. ಅದನ್ನು ಕನ್ನಡದಲ್ಲಿ ಹೇಳುವುದು ಕಷ್ಟವೂ ಅಲ್ಲ. ನಮ್ಮ ಭಾಷೆ ಅರ್ಧ ಕೆಲಸವನ್ನು ಮೊದಲೇ ಮಾಡಿಟ್ಟಿದೆ.

ಮೊದಲು ವಿಷಯವನ್ನು ನೋಡೋಣ. ಅಮೆರಿಕದವರು ಹರಿಕೇನ್ ಎನ್ನುವುದು, ಜಪಾನು ಚೀನಾಗಳ ಕಡಲಿನಲ್ಲಿ ಟೈಫೂನ್ ಎನಿಸಿಕೊಳ್ಳುವುದು, ನಾವು ಚಂಡಮಾರುತ ಎನ್ನುವುದು ಎಲ್ಲವೂ ಒಂದೇ. ಬಿಸಿಯಾದ ಕಡಲಿನ ಮೇಲೆ ಗಾಳಿಯ ಒತ್ತಡ ಕುಸಿದ ಒಂದು ಕೇಂದ್ರವಿರುತ್ತದೆ. ಸುತ್ತಲಿನ ಗಾಳಿ ಅದರತ್ತ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಒಳಕ್ಕೆ ಬರಲಾಗದೆ ಸುತ್ತು ಹಾಕುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುತ್ತದೆ. ಇದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ: ಅಪ್ರದಕ್ಷಿಣೆ. ದೇವರನ್ನು ಬಲಕ್ಕಿಟ್ಟುಕೊಂಡು ನಾವು ಹಾಕುವ ಸುತ್ತು ಪ್ರದಕ್ಷಿಣೆ. ಬಂಗಾಳ ಕೊಲ್ಲಿಯ, ಅರಬ್ಬಿ ಸಮುದ್ರದ, ಅಟ್ಲಾಂಟಿಕ್‌ನ ಚಂಡಮಾರುತಗಳದ್ದೆಲ್ಲ ಅಪ್ರದಕ್ಷಿಣೆ.

ಹೀಗೆ ತಿರುಗುತ್ತಲೇ ಚಂಡಮಾರುತ ಮುಂದಕ್ಕೂ ಸಾಗುತ್ತದೆ. ಎರಡು ಬದಿಗಳ ವ್ಯತ್ಯಾಸ ಹುಟ್ಟುವುದು ಇಲ್ಲಿ. ಓಡುವ ಲೋಕಲ್ ರೈಲಿನೊಳಗೆ ಎಂಜಿನ್ ಕಡೆಗೆ ನಡೆಯುವವನ ನಡಿಗೆಗೆ ರೈಲಿನ ವೇಗವೂ ಕೂಡುತ್ತದೆ. ಹಿಂದಕ್ಕೆ ನಡೆಯುವವನ ನಡಿಗೆಯನ್ನು ರೈಲು ನುಂಗುತ್ತದೆ. ಅಪ್ರದಕ್ಷಿಣವಾಗಿ ಸುತ್ತುವ ಚಂಡಮಾರುತದ ಬಲಬದಿಯಲ್ಲಿ ಗಾಳಿ ಬೀಸುವುದು ಅದು ಸಾಗುವ ದಿಕ್ಕಿಗೇ. ಎಡಬದಿಯಲ್ಲಿ ಅದಕ್ಕೆ ಎದುರಾಗಿ. ಸುತ್ತುವ ವೇಗ ಗಂಟೆಗೆ 100 ಕಿಲೋಮೀಟರ್, ಮುಂದೆ ಸಾಗುವ ವೇಗ 20 ಕಿಲೋಮೀಟರ್ ಎಂದಿಟ್ಟುಕೊಂಡರೆ ಬಲಕ್ಕೆ 120, ಎಡಕ್ಕೆ 80. ನಿಜವಾದ ಚಂಡಮಾರುತದಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡುವುದಿಲ್ಲ. ಮೇಲಣ ಗಾಳಿಯ ಸೆಳೆತ, ನೆಲದ ತಡೆ ಎಲ್ಲವೂ ಸೇರಿ ಅದನ್ನು ಅಷ್ಟಿಷ್ಟು ಬದಲಿಸುತ್ತವೆ. ಆದರೂ ತತ್ತ್ವ ಇದೇ. ಗಾಳಿಯ ಹೊಡೆತವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ಕ್ಕೂ 120ಕ್ಕೂ ಇರುವ ಅಂತರ ಒಂದೂವರೆ ಪಟ್ಟಿನದ್ದಲ್ಲ. ಗೋಡೆಯ ಮೇಲೆ, ಮರದ ಮೇಲೆ ಬೀಳುವ ಹೊಡೆತ ಎರಡು ಪಟ್ಟಿಗೂ ಹೆಚ್ಚು. ಎಡಬದಿಯಲ್ಲಿ ಹೆಂಚು ಹಾರಿಸುವ ಚಂಡಮಾರುತ ಬಲಬದಿಯಲ್ಲಿ ಇಡೀ ಮಾಡನ್ನೇ ಕಿತ್ತು ಒಯ್ಯಬಹುದು. ಇಲಾಖೆ ಪ್ರಕಟಿಸುವ ಗರಿಷ್ಠ ವೇಗದಲ್ಲಿ ಈ ಕೂಡಿಕೆ ಆಗಲೇ ಸೇರಿರುತ್ತದೆ. ಅಂದರೆ ನಾವು ಸುದ್ದಿಯಲ್ಲಿ ಓದುವ ಅಂಕಿ ಸಾಮಾನ್ಯವಾಗಿ ಬಲಬದಿಯ ಅಂಕಿ.

ಗಾಳಿಗಿಂತ ಹೆಚ್ಚು ಜನರನ್ನು ಕೊಂದದ್ದು ಕಡಲುಕ್ಕು. ಗಾಳಿ ಕಡಲ ನೀರನ್ನು ತಳ್ಳಿ ದಡದ ಮೇಲೆ ಏರಿಸುತ್ತದೆ. ಚಂಡಮಾರುತ ನೇರವಾಗಿ ದಡಕ್ಕೆ ಬಂದಾಗ ಬಲಬದಿಯಲ್ಲಿ ಗಾಳಿ ಬೀಸುವುದು ಕಡಲಿನಿಂದ ನೆಲಕ್ಕೆ; ಎಡಬದಿಯಲ್ಲಿ ನೆಲದಿಂದ ಕಡಲಿಗೆ. ಒಂದು ಬದಿಯಲ್ಲಿ ಕಡಲು ಊರೊಳಗೆ ಬರುತ್ತದೆ. ಇನ್ನೊಂದು ಬದಿಯಲ್ಲಿ ದಡ ಬಿಟ್ಟು ಹಿಂದೆ ಸರಿಯುವುದೂ ಉಂಟು.

ಕನ್ನಡದಲ್ಲಿ ‘ಬಲ’ ಎಂದರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ಚಂಡಮಾರುತದ ಬಲಗಡೆಯೇ ಬಲವಾದ ಕಡೆ. ಇಂಗ್ಲಿಷಿನವರು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದ ಸಂಗತಿಯನ್ನು ನಮ್ಮ ಒಂದು ಪದವೇ ನೆನಪಿಟ್ಟುಕೊಂಡಿದೆ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಆಸ್ಟ್ರೇಲಿಯ ಮೊಜಾಂಬಿಕ್‌ಗಳ ಕಡೆ, ಸುತ್ತು ತಿರುವುಮುರುವಾಗಿ ಎಡಬದಿಯೇ ಬಲವಾಗುತ್ತದೆ. ಅಲ್ಲಿನ ಕನ್ನಡಿಗರು ಈ ಶ್ಲೇಷೆಯನ್ನು ನಂಬದಿರಲಿ.

ಆದರೆ ಯಾರ ಬಲ? ಗರ್ಭಗುಡಿಯ ಎದುರು ನಿಂತಾಗ ದೇವರ ಬಲಗೈ ನಮ್ಮ ಎಡಕ್ಕಿರುತ್ತದೆ. ಚಂಡಮಾರುತದ ಮಾತೂ ಹಾಗೆಯೇ. ಮರೀನಾ ಕಡಲತೀರದಲ್ಲಿ ನೀರಿಗೆ ಮುಖ ಮಾಡಿ ನಿಂತವರಿಗೆ, ಪೂರ್ವದಿಂದ ನೇರವಾಗಿ ಬರುವ ಚಂಡಮಾರುತದ ಬಲಬದಿ ತಮ್ಮ ಎಡಕ್ಕೆ, ಅಂದರೆ ಉತ್ತರದ ಎಣ್ಣೂರು, ಪುಲಿಕಾಟ್ ಕಡೆಗೆ ಬೀಳುತ್ತದೆ. ಲೆಕ್ಕ ಹಾಕುವವರು ಚಂಡಮಾರುತದ ಬೆನ್ನ ಮೇಲೆ ಕುಳಿತಂತೆ ಭಾವಿಸಿ, ಅದು ಹೋಗುವ ದಿಕ್ಕಿಗೆ ಮುಖ ಮಾಡಬೇಕು. ಈ ಒಂದು ತಿರುವನ್ನು ಮರೆತರೆ ಕಲಿತದ್ದೆಲ್ಲ ತಲೆಕೆಳಗಾಗುತ್ತದೆ.

ಈ ತಿಳಿವಳಿಕೆ ಹೊಸದಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಸೈಕ್ಲೋನ್ ಎಂಬ ಪದ ಹುಟ್ಟಿದ್ದೇ ನಮ್ಮ ಕೊಲ್ಲಿಯ ದಡದ ಕಲ್ಕತ್ತೆಯಲ್ಲಿ. ಅಲ್ಲಿ ನೌಕಾ ನ್ಯಾಯಾಲಯದ ಅಧ್ಯಕ್ಷನಾಗಿದ್ದ ಹೆನ್ರಿ ಪಿಡಿಂಗ್‌ಟನ್ ಹಡಗುಗಳ ದಿನಚರಿಗಳನ್ನು ಜೋಡಿಸಿ ನೋಡಿ ಬಿರುಗಾಳಿಗಳ ಸುತ್ತನ್ನು ಗುರುತಿಸಿದ. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಅದಕ್ಕೆ ಹೆಸರಿಟ್ಟ. 1848ರಲ್ಲಿ ಅವನು ನಾವಿಕರಿಗಾಗಿ ಹೊರತಂದ ಪುಸ್ತಕದೊಂದಿಗೆ ಪಾರದರ್ಶಕವಾದ ಕೊಂಬಿನ ಹಾಳೆಗಳನ್ನು ಇಟ್ಟಿದ್ದ. ಅದರ ಮೇಲೆ ಬಿರುಗಾಳಿಯ ಸುತ್ತು ಅಚ್ಚಾಗಿರುತ್ತಿತ್ತು. ನಕ್ಷೆಯ ಮೇಲಿಟ್ಟು ನೋಡಿದರೆ ಹಡಗು ಯಾವ ಮಗ್ಗುಲಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಾವಿಕರು ಬಲಬದಿಯನ್ನು ಅಪಾಯದ ಅರ್ಧವೆಂದೂ ಎಡಬದಿಯನ್ನು ಹಾಯ್ದು ಹೋಗಬಹುದಾದ ಅರ್ಧವೆಂದೂ ಕರೆದರು. ಬಲಬದಿಯ ಗಾಳಿ ಜೋರಾಗಿರುವುದಷ್ಟೇ ಅಲ್ಲ, ಅದು ಹಡಗನ್ನು ಬಿರುಗಾಳಿಯ ಹಾದಿಯ ಮುಂದಕ್ಕೇ ತಂದು ನಿಲ್ಲಿಸುತ್ತದೆ. ಎಡಬದಿಯ ಗಾಳಿ ಹಡಗನ್ನು ಹಿಂದಕ್ಕೆ ತಳ್ಳಿ ಬಿಟ್ಟುಬಿಡುತ್ತದೆ. ತಾನು ಯಾವ ಬದಿಯಲ್ಲಿದ್ದೇನೆಂದು ತಿಳಿಯಲು ನಾವಿಕನಿಗೆ ಸರಳ ಪರೀಕ್ಷೆಯೊಂದಿತ್ತು. ಹೊತ್ತು ಕಳೆದಂತೆ ಗಾಳಿ ಬೀಸುವ ದಿಕ್ಕು ಪ್ರದಕ್ಷಿಣವಾಗಿ, ಮೂಡಣದಿಂದ ತೆಂಕಣಕ್ಕೆ, ತೆಂಕಣದಿಂದ ಪಡುವಣಕ್ಕೆ ಹೊರಳಿದರೆ ಬಲಬದಿ. ಅಪ್ರದಕ್ಷಿಣವಾಗಿ, ಮೂಡಣದಿಂದ ಬಡಗಣಕ್ಕೆ, ಬಡಗಣದಿಂದ ಪಡುವಣಕ್ಕೆ ಹೊರಳಿದರೆ ಎಡಬದಿ. 175 ವರ್ಷಗಳ ಹಿಂದೆ ಹಾಯಿ ಹಡಗಿನ ಕಪ್ತಾನನಿಗೆ ತಿಳಿದಿದ್ದುದು ಇಂದು ಜೇಬಿನಲ್ಲಿ ಉಪಗ್ರಹದ ಚಿತ್ರ ಇಟ್ಟುಕೊಂಡ ನಮಗೆ ತಿಳಿಯದು.

ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ನಿದರ್ಶನ ದಿವಿಸೀಮೆ. 1977ರ ನವೆಂಬರ್ 19ರಂದು ಆಂಧ್ರದ ಕರಾವಳಿಗೆ ಬಂದ ಚಂಡಮಾರುತದ ಕೇಂದ್ರ ದಡ ಮುಟ್ಟಿದ್ದು ಚೀರಾಲ–ನಿಜಾಂಪಟ್ಟಣಗಳ ಆಸುಪಾಸಿನಲ್ಲಿ. ದಕ್ಷಿಣದಿಂದ ಬಂದ ಆ ಚಂಡಮಾರುತದ ಬಲಕ್ಕೆ ಕೃಷ್ಣಾ ನದಿ ಕಡಲು ಸೇರುವ ದಿವಿಸೀಮೆಯ ತಗ್ಗು ನೆಲ. ಸುಮಾರು ಐದು ಮೀಟರ್ ಎತ್ತರಕ್ಕೆ ಏರಿದ ಕಡಲು ಹತ್ತಾರು ಹಳ್ಳಿಗಳ ಮೇಲೆ ಹಾಯಿತು. ಸರ್ಕಾರಿ ಲೆಕ್ಕವೇ ಸತ್ತವರನ್ನು ಸುಮಾರು ಹತ್ತು ಸಾವಿರ ಎನ್ನುತ್ತದೆ. ಹೈದರಾಬಾದಿನ ನಮ್ಮ ಹಿರಿಯ ಸದಸ್ಯರು ಅಂದಿನ ಪತ್ರಿಕೆಗಳ ಚಿತ್ರಗಳನ್ನು ಇಂದಿಗೂ ಮರೆತಿಲ್ಲ. ಆ ಕೃಷ್ಣೆ ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ಹಾದು ಹೋದ ಕೃಷ್ಣೆಯೇ. ಅಂದು ಉಪಗ್ರಹದ ನೆರವು ಕಡಮೆ, ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ದಾರಿ ಕಡಮೆ. ಅಜ್ಞಾನಕ್ಕೆ ಒಂದು ಕಾರಣವಿತ್ತು.

ಎಲ್ಲ ಸಾಧನಗಳೂ ಇದ್ದ ಕಡೆ ಏನಾಯಿತು? 2022ರ ಸೆಪ್ಟೆಂಬರಿನಲ್ಲಿ ಇಯಾನ್ ಎಂಬ ಹರಿಕೇನ್ ಅಮೆರಿಕದ ಫ್ಲಾರಿಡಾ ಕಡೆಗೆ ಬಂದಿತು. ಆರಂಭದ ಮುನ್ಸೂಚನೆಗಳಲ್ಲಿ ಕೇಂದ್ರದ ಗೆರೆ ಟ್ಯಾಂಪಾ ನಗರದ ಕಡೆ ವಾಲಿತ್ತು. ಎಲ್ಲರ ಕಣ್ಣೂ ಟ್ಯಾಂಪಾದ ಮೇಲೆ. ಗೆರೆ ನಿಧಾನವಾಗಿ ದಕ್ಷಿಣಕ್ಕೆ ಸರಿಯಿತು. ಆ ಗೆರೆಯ ಬಲಕ್ಕೆ, ಮುನ್ಸೂಚನೆಯ ಶಂಕುವಿನ ಅಂಚಿನಲ್ಲಿದ್ದುದು ಫೋರ್ಟ್ ಮೈಯರ್ಸ್ ಇರುವ ಲೀ ಜಿಲ್ಲೆ. ಅಲ್ಲಿ ಜನ ಮನೆ ಬಿಟ್ಟು ಹೊರಡಬೇಕೆಂಬ ಆದೇಶ ಬಂದದ್ದು 27ರ ಬೆಳಿಗ್ಗೆ. ಹರಿಕೇನ್ ದಡ ಮುಟ್ಟಿದ್ದು 28ರ ಮಧ್ಯಾಹ್ನ, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ. ಕೇಂದ್ರ ದಡ ಹತ್ತಿದ ಜಾಗದ ಬಲಕ್ಕಿದ್ದ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಕಡಲು ಮೂರರಿಂದ ನಾಲ್ಕೂವರೆ ಮೀಟರ್ ಏರಿ ಮನೆಗಳನ್ನು ಬುಡಸಮೇತ ಒಯ್ದಿತು. ಅದೇ ದಿನ, ಅದೇ ಹರಿಕೇನಿನ ಎಡಬದಿಯಲ್ಲಿದ್ದ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಹಿಂದೆ ಸರಿದು ಕೆಸರಿನ ತಳ ಕಾಣಿಸಿತು. ಜನ ಅದನ್ನು ನೋಡಲು ಇಳಿದರು. ಫ್ಲಾರಿಡಾದಲ್ಲಿ ಸತ್ತವರು ಸುಮಾರು 150 ಮಂದಿ. ಹರಿಕೇನಿಗೆ ನೇರವಾಗಿ ಬಲಿಯಾದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಡಲುಕ್ಕು. ಒಂದೇ ಬಿರುಗಾಳಿ, ಒಂದೇ ದಿನ. ಒಂದು ಬದಿಯಲ್ಲಿ ಕೌತುಕ, ಇನ್ನೊಂದು ಬದಿಯಲ್ಲಿ ಹೆಣ.

ಆ ಶಂಕುವಿನ ಅರ್ಥವನ್ನೂ ನಾವು ತಪ್ಪಾಗಿ ಓದುತ್ತೇವೆ. ಟಿವಿಯಲ್ಲಿ ಬಿಳಿಯಾಗಿ ಹಿಗ್ಗುತ್ತ ಹೋಗುವ ಆ ಆಕಾರ ಚಂಡಮಾರುತದ ಗಾತ್ರವಲ್ಲ. ಅದರ ಕೇಂದ್ರ ಎಲ್ಲೆಲ್ಲಿ ಹೋಗಬಹುದೆಂಬ ಅಂದಾಜು ಅಷ್ಟೇ. ಅಮೆರಿಕದ ಹರಿಕೇನ್ ಕೇಂದ್ರದ ಶಂಕುವಿನೊಳಗೆ ಕೇಂದ್ರ ಉಳಿಯುವುದು ಸರಿಸುಮಾರು ಮೂರರಲ್ಲಿ ಎರಡು ಸಲ. ಗಾಳಿ, ಮಳೆ, ಕಡಲುಕ್ಕು ಶಂಕುವಿನ ಗೆರೆಯನ್ನು ಕೇಳಿ ನಿಲ್ಲುವುದಿಲ್ಲ.

ಇನ್ನು ನಾವು ವಾಸವಾಗಿರುವ ಎರಡು ಕರಾವಳಿಗಳನ್ನು ಹೋಲಿಸಿ ನೋಡೋಣ. ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಏರುವ ಚಂಡಮಾರುತಕ್ಕೆ ನೆಲವೆಲ್ಲ ಬಲಕ್ಕೆ ಬೀಳುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಹಾಗೆ ಬಂದಿತು. ಸುದ್ದಿಯೆಲ್ಲ ಅದು ಗುಜರಾತಿನಲ್ಲಿ ದಡ ಮುಟ್ಟುವುದರ ಬಗ್ಗೆ. ಆದರೆ ಕೇರಳದಿಂದ ಮುಂಬಯಿವರೆಗಿನ ದಡ ದಿನಗಟ್ಟಲೆ ಅದರ ಬಲ ಮಗ್ಗುಲಿಗಿತ್ತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಕಡಲ್ಕೊರೆತ ಮನೆಗಳನ್ನು, ರಸ್ತೆಗಳನ್ನು ಕೆಡವಿತು. ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಮಂದಿಯನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಪಾರು ಮಾಡಬೇಕಾಯಿತು. ಮೇ 17ರಂದು, ದಡ ಮುಟ್ಟದೆ ದೂರದಲ್ಲೇ ಹಾದುಹೋಗುತ್ತಿದ್ದ ಅದು ಮುಂಬಯಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ ಬೀಸಿತು; ಮುಂಬಯಿ ಹೈ ತೈಲ ಪ್ರದೇಶದ ಬಳಿ ಕೆಲಸಗಾರರಿದ್ದ ದೋಣಿಮನೆ ಮುಳುಗಿ ಅನೇಕರು ಸತ್ತರು. “ಗುಜರಾತಿಗೆ ಹೋಗುತ್ತಿದೆ” ಎಂಬುದು ನಿಜವಾದ ಸುದ್ದಿಯೇ, ಆದರೆ ಅರ್ಧ ಸುದ್ದಿ.

ಅದಕ್ಕೂ ಒಂದು ವರ್ಷ ಮೊದಲು, 2020ರ ಜೂನ್ 3ರಂದು ಬಂದ ನಿಸರ್ಗದ ಕಥೆ ಬೇರೆ. ಅದು ಈಶಾನ್ಯಕ್ಕೆ ಮುಖ ಮಾಡಿ ಅಲಿಬಾಗದ ಬಳಿ ದಡ ಹತ್ತಿತು. ಮುಂಬಯಿ ಅದರ ಎಡಕ್ಕೆ ಬಿದ್ದು ಉಳಿದುಕೊಂಡಿತು. ಆ ದಿನ ಸಂಜೆ ನಮ್ಮ ಮುಂಬಯಿ ಬಳಗದ ವಾಟ್ಸಾಪಿನಲ್ಲಿ “ಗಂಡಾಂತರ ತಪ್ಪಿತು” ಎಂಬ ಸಂದೇಶಗಳೇ ಸಂದೇಶಗಳು. ಗಂಡಾಂತರ ತಪ್ಪಿರಲಿಲ್ಲ, ಬಲಕ್ಕೆ ಸರಿದಿತ್ತು. ಮುರುಡ, ಶ್ರೀವರ್ಧನ, ದಿವೆಆಗರಗಳ ಅಡಕೆ ತೋಟ, ತೆಂಗಿನ ತೋಟಗಳು ಒಂದು ಮಧ್ಯಾಹ್ನದಲ್ಲಿ ಮಲಗಿದವು. ಅಡಕೆ ಮರ ಫಲಕ್ಕೆ ಬರಲು ಎಷ್ಟು ವರ್ಷ ಕಾಯಬೇಕೆಂದು ಶಿರಸಿ, ಸಾಗರ, ಪುತ್ತೂರುಗಳಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ ಸಂಜೆ ನಾವು ಆ ತೋಟಗಳನ್ನು ನೆನೆಯಲಿಲ್ಲ. ಯಾವ ಬದಿ ಎಂಬ ಪ್ರಶ್ನೆಯನ್ನು ಕೇಳಿದ್ದರೆ, ನಾವು ಪಾರಾದದ್ದು ಯಾರ ಪಾಲಿಗೆ ಎರವಾಯಿತು ಎಂಬುದೂ ಅದೇ ಉಸಿರಿನಲ್ಲಿ ತಿಳಿಯುತ್ತಿತ್ತು.

ಪೂರ್ವ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಏರುವ ಚಂಡಮಾರುತಕ್ಕೆ ನೆಲವೆಲ್ಲ ಎಡಕ್ಕೆ ಬೀಳುತ್ತದೆ. ಮಿಚಾಂಗ್ ಚೆನ್ನೈಗೆ ಬಂದದ್ದು ಹೀಗೆ. ನೇರವಾಗಿ ಪಶ್ಚಿಮಕ್ಕೆ ನುಗ್ಗಿ ಬರುವವೂ ಇವೆ. 2016ರ ಡಿಸೆಂಬರ್ 12ರ ವರ್ದಾ ಹಾಗೆ ಬಂದು ಚೆನ್ನೈ ನಗರದ ಮೇಲೆಯೇ ಹಾದಿತು. ಮೊದಲು ಬಡಗಣ ಗಾಳಿ ಗಂಟೆಗಟ್ಟಲೆ ಬೀಸಿತು. ಆಮೇಲೆ ಗಾಳಿ ಇಳಿದು ಮೌನವಾಯಿತು. ಹೊರಗೆ ಬಂದು ಬಿದ್ದ ಕೊಂಬೆಗಳನ್ನು ನೋಡುತ್ತಿದ್ದವರನ್ನು ತೆಂಕಣ ಗಾಳಿ ಹಿಂದಕ್ಕೆ ಓಡಿಸಿತು. ಒಂದು ಕಡೆಗೆ ಬಾಗಿ ಬೇರು ಸಡಿಲಗೊಂಡಿದ್ದ ಸಾವಿರಾರು ಮರಗಳು ಇನ್ನೊಂದು ಕಡೆಯಿಂದ ಹೊಡೆತ ಬಿದ್ದಾಗ ಉರುಳಿದವು. ಕೇಂದ್ರ ಮೇಲೆ ಹಾದುಹೋಗುವಾಗಿನ ಮೌನ ಬಿಡುಗಡೆಯಲ್ಲ, ನಡುವಿನ ವಿರಾಮ. ಇದನ್ನು ತಿಳಿಯದೆ ಹೊರಗೆ ಕಾಲಿಟ್ಟವರ ಪ್ರಾಣಕ್ಕೇ ಸಂಚಕಾರ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪವನ್ನು ನಾವೇ ಎತ್ತಬೇಕು. ಬಲಬದಿ ಅಪಾಯವೆಂದು ಜನರಿಗೆ ಕಲಿಸಿದರೆ ಎಡಬದಿಯವರು ನಿಶ್ಚಿಂತರಾಗುವುದಿಲ್ಲವೇ? ಅರೆಬರೆ ತಿಳಿವಳಿಕೆಗಿಂತ “ಎಲ್ಲರೂ ಹುಷಾರಾಗಿರಿ” ಎಂಬ ಸರಳ ಮಾತೇ ಮೇಲಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2005ರ ಆಗಸ್ಟ್ 29ರಂದು ಬಂದ ಕತ್ರಿನಾ ಹರಿಕೇನಿನ ಬಲಬದಿಯಲ್ಲಿದ್ದ ಮಿಸಿಸಿಪಿ ಕರಾವಳಿಯಲ್ಲಿ ಕಡಲು ಎಂಟು ಮೀಟರಿಗೂ ಹೆಚ್ಚು ಏರಿತು. ನ್ಯೂ ಆರ್ಲಿಯನ್ಸ್ ನಗರ ಇದ್ದದ್ದು ಎಡಬದಿಯಲ್ಲಿ. ಕೇಂದ್ರ ಪೂರ್ವಕ್ಕೆ ಹಾದುಹೋದಾಗ ಅಲ್ಲಿಯೂ ಕೆಲವರು ಪಾರಾದೆವೆಂದೇ ತಿಳಿದರು. ಆದರೆ ಎಡಬದಿಯ ಬಡಗಣ ಗಾಳಿ ನಗರದ ಉತ್ತರಕ್ಕಿರುವ ದೊಡ್ಡ ಸರೋವರದ ನೀರನ್ನು ದಕ್ಷಿಣಕ್ಕೆ ಒತ್ತಿತು. ಸರಿಯಾಗಿ ಕಟ್ಟದ ಕಾಲುವೆಯ ಗೋಡೆಗಳು ಒಡೆದವು. ನಗರದ ನೂರಕ್ಕೆ ಎಂಬತ್ತು ಪಾಲು ಮುಳುಗಿತು. ಎಡಬದಿಯ ಗಾಳಿ ಸಪ್ಪೆಯಾಗಿದ್ದೀತು, ಆದರೆ ಅದು ಯಾವ ನೀರನ್ನು ಎತ್ತ ತಳ್ಳುತ್ತದೆ ಎಂಬುದು ಊರಿನ ನೆಲವನ್ನು ಅವಲಂಬಿಸಿದೆ.

ಮಿಚಾಂಗ್ ಕಲಿಸಿದ್ದೂ ಇದನ್ನೇ. ಬಲ ಎಡಗಳ ಅಂತರ ಹೆಚ್ಚಾಗುವುದು ಚಂಡಮಾರುತ ವೇಗವಾಗಿ ಸಾಗುವಾಗ. ಅದು ತಡೆದು ನಿಂತರೆ ಗಾಳಿಯ ಅಂತರ ಕುಗ್ಗುತ್ತದೆ, ಮಳೆಯ ರಾಶಿ ಏರುತ್ತದೆ. ವೇಗದ ಚಂಡಮಾರುತಕ್ಕೆ ಬಲದವರು ಹೆದರಬೇಕು. ನಿಂತ ಚಂಡಮಾರುತಕ್ಕೆ ಎಲ್ಲರೂ ಹೆದರಬೇಕು. ಇನ್ನು ಆ ಮಳೆ ನೀರು ಎಲ್ಲಿ ನಿಲ್ಲುತ್ತದೆಂಬುದನ್ನು ಗಾಳಿಯಲ್ಲ, ನಾವು ಮುಚ್ಚಿದ ಕೆರೆಗಳು ತೀರ್ಮಾನಿಸುತ್ತವೆ. ಪಳ್ಳಿಕರಣೆಯ ಜೌಗು ನೆಲ ಎಷ್ಟು ಕುಗ್ಗಿತೋ ಅಷ್ಟೂ ನೀರು ಅದರ ಸುತ್ತ ಎದ್ದ ಬಡಾವಣೆಗಳಲ್ಲಿ ಜಾಗ ಹುಡುಕಿಕೊಂಡಿತು. ಅಂಥ ಬಡಾವಣೆಗಳಲ್ಲಿ ಮನೆ ಕೊಂಡವರಲ್ಲಿ ನಾವೂ ಇದ್ದೇವೆ. ಆ ಸಂಗತಿಯನ್ನು ಚಂಡಮಾರುತದ ತಲೆಗೆ ಕಟ್ಟುವುದು ಸಲ್ಲದು. ಬಲಗಡೆ ಬಲವಾದರೆ ಎಡಗಡೆ ಎಡರು. ಒಂದು ಹೊಡೆಯುತ್ತದೆ, ಇನ್ನೊಂದು ಕಾಲಿಗೆ ತೊಡರುತ್ತದೆ.

ಆದ್ದರಿಂದ ಆಕ್ಷೇಪಕ್ಕೆ ನಮ್ಮ ಉತ್ತರ ಹೀಗೆ. ಬದಿಯ ತಿಳಿವಳಿಕೆ ಮನೆ ಬಿಡಬೇಕೋ ಬೇಡವೋ ಎಂದು ನಾವೇ ತೀರ್ಮಾನಿಸಿಕೊಳ್ಳಲು ಇರುವುದಲ್ಲ. ಹೊರಡಿ ಎಂದು ಅಧಿಕಾರಿಗಳು ಹೇಳಿದರೆ ಎಡದವರೂ ಹೊರಡಬೇಕು. ಅದೂ ಅಲ್ಲದೆ ಗೆರೆ ಸರಿಯುತ್ತದೆ; ಇಂದಿನ ಎಡ ನಾಳೆ ಬಲವಾಗಬಹುದು. ಬದಿಯನ್ನು ತಿಳಿಯುವುದರಿಂದ ಆಗುವ ಲಾಭ ಬೇರೆ: ಯಾವ ಅಪಾಯಕ್ಕೆ ಸಿದ್ಧರಾಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಬಲಬದಿಯ ತಗ್ಗು ದಡದವನಿಗೆ ಕಡಲಿನಿಂದ ದೂರ ಹೋಗುವುದೇ ಮೊದಲ ಕೆಲಸ. ಎಡಬದಿಯ ನಗರವಾಸಿಗೆ ನೀರು, ಔಷಧ, ದೀಪ ಕೂಡಿಟ್ಟು, ನೆಲಮಾಳಿಗೆಯ ವಾಹನ ಮೇಲೆ ತಂದು, ಕೆಳಮನೆಯ ವೃದ್ಧರನ್ನು ಮಹಡಿಗೆ ಕರೆದುಕೊಳ್ಳುವುದೇ ಮೊದಲ ಕೆಲಸ. “ಹುಷಾರಾಗಿರಿ” ಎಂಬ ಮಾತು ಯಾವುದಕ್ಕೆ ಹುಷಾರು ಎಂದು ಹೇಳುವುದಿಲ್ಲ. ಹತ್ತು ಸಲ ಕೇಳಿ ಏನೂ ಆಗದಿದ್ದರೆ ಹನ್ನೊಂದನೆಯ ಸಲ ಅದು ಕಿವಿಗೇ ಬೀಳುವುದಿಲ್ಲ.

ಮಾಹಿತಿಯ ಕೊರತೆಯೂ ಇಲ್ಲಿಲ್ಲ. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳು ಕೇಂದ್ರದ ಸುತ್ತಲಿನ ನಾಲ್ಕು ಕಾಲುಭಾಗಗಳಲ್ಲಿ ಯಾವ ವೇಗದ ಗಾಳಿ ಎಷ್ಟು ದೂರದವರೆಗೆ ಎಂಬುದನ್ನು ಬೇರೆಬೇರೆಯಾಗಿ ಕೊಡುತ್ತವೆ. ಅದು ಟಿವಿಗೆ, ಪತ್ರಿಕೆಗೆ ಬರುವ ಹೊತ್ತಿಗೆ ಒಂದು ಊರಿನ ಹೆಸರು, ಒಂದು ವೇಗದ ಅಂಕಿ, ಮೇಲೇಳುವ ಅಲೆಯ ಹಳೆಯ ಚಿತ್ರ ಇಷ್ಟಕ್ಕೆ ಇಳಿದಿರುತ್ತದೆ. ಕನ್ನಡದ ಸುದ್ದಿಮನೆಗಳಿಂದ ನಾವು ಬಯಸುವುದು ಹೆಚ್ಚೇನಲ್ಲ, ಒಂದೇ ವಾಕ್ಯ. “ಕೇಂದ್ರ ಇಂಥಲ್ಲಿ ದಡ ಮುಟ್ಟಲಿದೆ, ಅದರ ಬಲಬದಿಗೆ ಬೀಳುವ ಇಂಥಿಂಥ ಊರುಗಳಲ್ಲಿ ಗಾಳಿಯೂ ಕಡಲುಕ್ಕೂ ಹೆಚ್ಚು, ಎಡಬದಿಯ ಇಂಥಿಂಥ ಊರುಗಳಲ್ಲಿ ಮಳೆಯ ನಿರೀಕ್ಷೆ ಇಷ್ಟು.” ಕಾರವಾರದ ಮೀನುಗಾರನಿಗೂ ಕುಂದಾಪುರದ ಶಾಲೆಯ ಹುಡುಗಿಗೂ ಇದು ಅರ್ಥವಾಗುತ್ತದೆ. ಅರ್ಥವಾಗದೆಂದು ಮೊದಲೇ ಭಾವಿಸಿ ಹೇಳದೆ ಬಿಡುವುದು ಓದುಗನಿಗೆ ಮಾಡುವ ಅವಮಾನ.

ಪಿಡಿಂಗ್‌ಟನ್ನನ ಕಥೆಗೆ ಒಂದು ಬಾಲವಿದೆ. ಕಲ್ಕತ್ತೆಯ ದಕ್ಷಿಣಕ್ಕೆ ಮಾತ್ಲಾ ನದಿಯ ಮೇಲೆ ಕ್ಯಾನಿಂಗ್ ಎಂಬ ಹೊಸ ಬಂದರು ಕಟ್ಟುವ ಮಾತು ಬಂದಾಗ, ಅಲ್ಲಿ ಒಂದಲ್ಲ ಒಂದು ದಿನ ಕಡಲುಕ್ಕಿ ಎಲ್ಲವನ್ನೂ ಮುಳುಗಿಸುತ್ತದೆಂದು ಅವನು 1853ರಲ್ಲಿ ಗವರ್ನರ್ ಜನರಲ್‌ಗೆ ಪತ್ರ ಬರೆದ. ಬಂದರು ಕಟ್ಟಿದರು. 1867ರಲ್ಲಿ ಚಂಡಮಾರುತ ಬಂದು ಅದನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಟ್ಟರು. ಎಚ್ಚರಿಕೆ ಇರಲಿಲ್ಲವೆಂದಲ್ಲ. ಅದು ಪತ್ರದಲ್ಲೇ ಉಳಿಯಿತು, ನೆಲ ಆರಿಸುವವರ ಕಿವಿಗೆ ಇಳಿಯಲಿಲ್ಲ.

ಮುಂದಿನ ಮಳೆಗಾಲದ ಕೊನೆಗೆ ಮತ್ತೆ ಕೊಲ್ಲಿಯಲ್ಲಿ ಒಂದು ಸುಳಿ ಏಳುತ್ತದೆ, ಮತ್ತೆ ಫೋನು ಬರುತ್ತದೆ. ಚಿಗವ್ವ ಮತ್ತೆ ಊರಿನ ಹೆಸರನ್ನೇ ಕೇಳುತ್ತಾಳೆ. ಈ ಸಲ ನಮ್ಮ ಉತ್ತರ ಬೇರೆಯಾಗಿರಬೇಕೆಂದು ಬಳಗದಲ್ಲಿ ಮಾತಾಡಿಕೊಂಡಿದ್ದೇವೆ: “ದಾಟೂದು ಆಂಧ್ರದಾಗ, ಚಿಗವ್ವ. ಬಲಕ್ಕಿದ್ದವರಿಗೆ ಗಾಳಿ, ನಾವು ಎಡಕ್ಕದೀವಿ. ನಮಗ ಮಳಿ. ನೀರು ತುಂಬಿಟ್ಟೀವಿ, ಕೆಳಗಿನ ಮನಿ ಅಜ್ಜನ್ನ ಮ್ಯಾಲೆ ಕರಕೊಂಡೀವಿ. ಬಲಕ್ಕಿದ್ದ ಮಂದಿ ಸಲುವಾಗಿ ಒಂದು ದೀಪ ಹಚ್ಚು.”